ಬಾದಾಮಿಯೇಕೆ, ಹುರುಳಿಯಿರುವಾಗ?

ಗೋಧಿ, ಅಕ್ಕಿ, ರಾಗಿ ಯಾವ ಏಕದಳ ಧಾನ್ಯವೂ ಸೇರದ ಬಿಸ್ಕತ್ತು ಎಂದೊಡನೆ ಪೇಟೆಯ ಬೇಕರಿಗಳು ನೆಚ್ಚುವುದು ಬಾದಾಮಿ ಹಿಟ್ಟನ್ನು. ಜಗತ್ತಿನ ಬಾದಾಮಿಯ ಬಹುಪಾಲು ಬರುವುದು ಕ್ಯಾಲಿಫೋರ್ನಿಯಾದಿಂದ. ತಮಿಳುನಾಡಿನ ದಿಂಬಂ ಘಾಟಿಯ 27 ತಿರುವು ಹತ್ತಿದ ಮೇಲೆ ಸಿಗುವ ತಾಳವಾಡಿಯ ಕನ್ನಡ ಸೀಮೆಗೆ ಅದನ್ನು ತರಿಸುವ ಅಗತ್ಯವೇ ಇಲ್ಲ. ಮಳೆ ನಂಬಿದ ಹೊಲದಲ್ಲಿ ಹುರುಳಿ ಇದೆ, ನೀರಿರುವ ತೋಟದಲ್ಲಿ ಬಾಳೆ ಇದೆ. ಇವೆರಡರ ಹಿಟ್ಟಿನಿಂದ ಆಗುವ ಬಿಸ್ಕತ್ತು ಬಾದಾಮಿಯದಕ್ಕಿಂತ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ.

ಬ್ರೆಡ್ಡು ಉಬ್ಬಬೇಕಾದರೆ ಗೋಧಿಯ ಅಂಟು (ಗ್ಲುಟೆನ್) ಬೇಕು, ಬಿಸ್ಕತ್ತಿಗೆ ಅದು ತೊಡಕು. ಮೈದಾ ಬಿಸ್ಕತ್ತು ಮಾಡುವವರೂ ಹಿಟ್ಟು ಹಾಕಿದ ಮೇಲೆ ಹೆಚ್ಚು ನಾದುವುದಿಲ್ಲ; ಅಂಟು ಎಳೆಗಟ್ಟಿದರೆ ಬಿಸ್ಕತ್ತು ಗಡುಸಾಗುತ್ತದೆ. ಗರಿಗರಿಯನ್ನು ಕೊಡುವುದು ಬೆಣ್ಣೆ ಮತ್ತು ಆರಿ ಗಟ್ಟಿಯಾದ ಬೆಲ್ಲ. ಹಾಗಾಗಿ ಹಿಟ್ಟನ್ನು ಪರಿಮಳಕ್ಕಾಗಿ, ಸತ್ವಕ್ಕಾಗಿ ಆರಿಸಿಕೊಳ್ಳುವ ಸ್ವಾತಂತ್ರ್ಯ ನಮಗಿದೆ. ನೂರು ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನು, ಜೊತೆಗೆ ಸುಣ್ಣ, ಕಬ್ಬಿಣ. ಆದರೆ ಹಸಿ ಹುರುಳಿಯನ್ನು ಬೀಸಿ ಕಲಸಿದರೆ ಹಸಿವಾಸನೆ ಬಿಸ್ಕತ್ತಿನುದ್ದಕ್ಕೂ ಉಳಿಯುತ್ತದೆ. ಇಡೀ ಕಾಳನ್ನು ಸಣ್ಣ ಉರಿಯಲ್ಲಿ, ಬಣ್ಣ ತುಸು ಗಾಢವಾಗಿ ಚಟಪಟ ಎನ್ನುವವರೆಗೆ ಹುರಿದು, ಒಡೆದು, ಒಗರಿನ ಸಿಪ್ಪೆ ಕೇರಿ ತೆಗೆದು ಬೀಸಬೇಕು. ಆಗ ಬರುವ ಘಮಕ್ಕೆ ಏಲಕ್ಕಿಯೂ ಬೇಡ. ಎರಡು ಪಾಲು ಹುರುಳಿಗೆ ಒಂದು ಪಾಲು ಬಾಳೆಕಾಯಿ ಹಿಟ್ಟು ಸಾಕು. ಅದರ ಪಿಷ್ಟ ಹುರುಳಿಯ ಒರಟುತನವನ್ನು ತಗ್ಗಿಸುತ್ತದೆ. ಕಲಸಿದ್ದನ್ನು ಅರ್ಧ ಗಂಟೆ ಬಿಡಬೇಕು, ಬೇಳೆಯ ಹಿಟ್ಟು ನಿಧಾನವಾಗಿ ನೀರು ಹೀರುತ್ತದೆ. ಪ್ರೋಟೀನೂ ಬೆಲ್ಲವೂ ಸೇರಿ ಬೇಗ ಕಪ್ಪೇರುವುದರಿಂದ ಓವನ್ನಿನ ಶಾಖ 150–160 ಡಿಗ್ರಿ ದಾಟದಿರಲಿ.

ಬಾಳೆಕಾಯಿ ಹಿಟ್ಟು ಹೊಸ ಕನಸೇನಲ್ಲ. 2021ರ ಲಾಕ್‌ಡೌನ್ ದಿನಗಳಲ್ಲಿ ಬಾಳೆಗೊನೆ ಕೇಳುವವರಿಲ್ಲದಾಗ ‘ಅಡಿಕೆ ಪತ್ರಿಕೆ’ಯ ಶ್ರೀ ಪಡ್ರೆಯವರು ‘ಬಾಕಾಹು’ (ಬಾಳೆಕಾಯಿ ಹುಡಿ) ಆಂದೋಲನ ಹಬ್ಬಿಸಿದರು. ಉತ್ತರ ಕನ್ನಡ, ದಕ್ಷಿಣ ಕನ್ನಡದ ಮಹಿಳೆಯರು ಮನೆಯಲ್ಲೇ ಹೆಚ್ಚಿ, ಒಣಗಿಸಿ, ಹುಡಿ ಮಾಡಿದರು. ಆ ವರ್ಷದ ಜುಲೈನಲ್ಲಿ ಪ್ರಧಾನಿಯ ‘ಮನ್ ಕಿ ಬಾತ್’ನಲ್ಲೂ ಅದರ ಪ್ರಸ್ತಾಪವಾಯಿತು. ತಾಳವಾಡಿಗೆ ಇದು ಇನ್ನೂ ಹೆಚ್ಚು ಒಪ್ಪುತ್ತದೆ. 2022ರಲ್ಲಿ ಮದ್ರಾಸ್ ಹೈಕೋರ್ಟ್ ದಿಂಬಂ ಘಾಟಿಯ ರಾತ್ರಿ ಸಂಚಾರಕ್ಕೆ ಕಡಿವಾಣ ಹಾಕಿತು. ಕಾಡುಪ್ರಾಣಿಗಳ ಜೀವ ಉಳಿಸುವ ಆ ಕ್ರಮ ಸರಿಯಾದದ್ದೇ. ಆದರೆ ಗೊನೆ ಲಾರಿಗಾಗಿ ಕಾಯಲಾರದು, ಹಿಟ್ಟು ಕಾಯುತ್ತದೆ.

ರಾಗಿಯ ನಾಡಿನಲ್ಲಿ ರಾಗಿಯನ್ನು ಹೊರಗಿಡುವುದೇಕೆ ಎಂಬ ಆಕ್ಷೇಪ ನ್ಯಾಯವಾದದ್ದು. ರಾಗಿಯಲ್ಲಿ ಅಂಟಿಲ್ಲ, ಸುಣ್ಣದಂಶದಲ್ಲಿ ಅದು ಹುರುಳಿಯನ್ನೂ ಮೀರಿಸುತ್ತದೆ. ಗೋಧಿ ಒಗ್ಗದ ಸಿಲಿಯಾಕ್ ರೋಗಿಗೆ ರಾಗಿ ಬಿಸ್ಕತ್ತೇ ಸಾಕು. ಧಾನ್ಯ ಬಿಟ್ಟ ಮಾತ್ರಕ್ಕೆ ಬಿಸ್ಕತ್ತು ಔಷಧವಾಗುವುದಿಲ್ಲ, ಬೆಣ್ಣೆ ಬೆಲ್ಲಗಳ ಲೆಕ್ಕ ಹಾಗೆಯೇ ಉಳಿಯುತ್ತದೆ. ನಾನು ಹುರುಳಿಯ ಪರ ನಿಲ್ಲುವುದು ರುಚಿಗಾಗಿ, ಎತ್ತಿನ ಮೇವೆಂದು ಹೀಗಳೆಯಲಾದ ಬೆಳೆಗೆ ಸಲ್ಲಬೇಕಾದ ಬೆಲೆಗಾಗಿ. ಧಾನ್ಯ ತೊರೆದವರಲ್ಲಿ ಕೆಲವರು ಬೇಳೆಕಾಳನ್ನೂ ಮುಟ್ಟುವುದಿಲ್ಲ. ಜೀರ್ಣಕ್ಕೆ ಅಡ್ಡಿಪಡಿಸುವ ಅಂಶಗಳಿವೆ ಎನ್ನುತ್ತಾರೆ. ಹಸಿ ಕಾಳಿನಲ್ಲಿ ಅವು ಇರುವುದು ನಿಜ. ನೆನೆಸುವುದು, ಹುರಿಯುವುದು, ಬೇಯಿಸುವುದು ಅವನ್ನು ಬಹುಮಟ್ಟಿಗೆ ತಗ್ಗಿಸುತ್ತವೆ. ಹುರುಳಿ ಬಸ್ಸಾರು ಉಂಡು ಬೆಳೆದ ಊರುಗಳಿಗೆ ಈ ಭಯವನ್ನು ಹೊಸದಾಗಿ ಕಲಿಸಬೇಕಾಗಿಲ್ಲ.

ಪುಡಿಪುಡಿಯಾಗುತ್ತದೆ ಎಂಬ ದೂರಿಗೆ ಬೆಲ್ಲವನ್ನು ಪಾಕವಾಗಿಸಿ ಹಾಕುವುದೇ ಪರಿಹಾರ. ಮೊಟ್ಟೆ ತಿನ್ನುವವರಿಗೆ ಒಂದು ಮೊಟ್ಟೆ. ಕಷ್ಟದ ಪ್ರಶ್ನೆ ಗಿರಣಿಯದು. ಗೋಧಿ ಬೀಸಿದ ಕಲ್ಲಿಗೇ ಹುರುಳಿ ಸುರಿದರೆ ಅದರ ಹುಡಿ ಇದರಲ್ಲಿ ಬೆರೆಯುತ್ತದೆ, ಸಿಲಿಯಾಕ್ ಇರುವವರಿಗೆ ಅಷ್ಟೇ ಸಾಕು ಹೊಟ್ಟೆ ಕೆಡಲು. ಮಾರಾಟಕ್ಕೆ ಮಾಡಹೊರಟವರು ಓವನ್ನಿಗಿಂತ ಮೊದಲು ಹುರುಳಿ, ಬಾಳೆಗೆಂದೇ ಮೀಸಲಾದ ಸಣ್ಣ ಗಿರಣಿಯೊಂದಕ್ಕೆ ಹಣ ಹೊಂದಿಸಿಕೊಳ್ಳಬೇಕು.