ಶಿಲುಬೆಯ ಬುಡದಲ್ಲಿ ನೀಲಿ ಟೋಪಿ

ಶುಭ ಶುಕ್ರವಾರದ ಪ್ರಬೋಧನೆಗೆ ನಮ್ಮಂಥ ಗುರುಗಳು ಮತ್ತೆ ಮತ್ತೆ ಆಶ್ರಯಿಸುವ ಚಿತ್ರವೊಂದಿದೆ. ಡಚ್ ಕಲಾವಿದ ರೆಂಬ್ರಾಂಟ್ 1633ರ ಸುಮಾರಿಗೆ ಬಿಡಿಸಿದ, ಶಿಲುಬೆಯನ್ನು ಎತ್ತಿ ನಿಲ್ಲಿಸುವ ದೃಶ್ಯದ ಆ ಚಿತ್ರ ಈಗ ಜರ್ಮನಿಯ ಮ್ಯೂನಿಕ್ ನಗರದ ಕಲಾಸಂಗ್ರಹಾಲಯದಲ್ಲಿದೆ. ಸುತ್ತಲೂ ಕತ್ತಲು, ಪ್ರಭುವಿನ ದೇಹದ ಮೇಲೆ ಬೆಳಕು. ಓರೆಯಾಗಿ ಮೇಲೇಳುತ್ತಿರುವ ಶಿಲುಬೆಯ ಬುಡದಲ್ಲಿ, ಕಂಬವನ್ನು ತಬ್ಬಿ ಎತ್ತುತ್ತಿರುವವನೊಬ್ಬ ರೋಮಿನ ಸೈನಿಕನಂತಿಲ್ಲ. ಅವನ ತಲೆಯ ಮೇಲೆ ಚಿತ್ರಕಾರರು ತೊಡುವಂಥ ನೀಲಿ ಟೋಪಿಯಿದೆ. ಆ ಮುಖ ರೆಂಬ್ರಾಂಟನದೇ. ಪ್ರಭುವನ್ನು ಕೊಂದವರಲ್ಲಿ ತಾನೂ ಒಬ್ಬನೆಂದು ಆತ ಪಾಪನಿವೇದನೆ ಮಾಡಿದ್ದಾನೆಂದು ನಾವು ವಿವರಿಸುತ್ತೇವೆ. ನಾನೂ ಹಲವು ಬಾರಿ ಹಾಗೆಯೇ ಹೇಳಿದ್ದೇನೆ. ಈಚೆಗೆ ಆ ವಿವರಣೆ ನನಗೆ ಪೂರ್ತಿ ಒಪ್ಪಿಗೆಯಾಗುತ್ತಿಲ್ಲ.

ಆಗ ರೆಂಬ್ರಾಂಟನಿಗೆ ಸುಮಾರು 27 ವರ್ಷ. ಆಮ್‌ಸ್ಟರ್‌ಡ್ಯಾಮಿನಲ್ಲಿ ಹೆಸರು ಮೇಲೇರುತ್ತಿದ್ದ ಕಾಲ. ಯಾತನೆಯ ಈ ಚಿತ್ರಸರಣಿಯನ್ನು ಪಡೆದವನು ಫ್ರೆಡರಿಕ್ ಹೆಂಡ್ರಿಕ್ ಎಂಬ ರಾಜಕುಮಾರ. ಅವನ ಕಾರ್ಯದರ್ಶಿ ಹೈಗೆನ್ಸ್‌ನಿಗೆ ಕಲಾವಿದ ಬರೆದ 7 ಪತ್ರಗಳು ಉಳಿದು ಬಂದಿವೆ. ಅವುಗಳಲ್ಲಿ ಸರಣಿಯ ಮಾತಿದೆ, ಹಣದ ಮಾತೂ ಇದೆ. ಅರಮನೆಗೆ ಹೋಗುವ ಚಿತ್ರದ ನಡುಮಧ್ಯದಲ್ಲಿ, ಬೆಳಕು ಬೀಳುವಲ್ಲೇ, ತನ್ನ ಮುಖವನ್ನಿಟ್ಟವನ ಮನಸ್ಸಿನಲ್ಲಿ ಪಶ್ಚಾತ್ತಾಪವೊಂದೇ ಇತ್ತೆ? ಪಾಪಿಯ ಪಾತ್ರದಲ್ಲಿಯೂ ಮುಂದಿನ ಸಾಲಿನಲ್ಲಿ ನಿಲ್ಲಬಯಸುವ ಅಭಿಮಾನವೊಂದಿದೆ. ಪಾಪನಿವೇದನೆಯ ಪೀಠದ ಎರಡೂ ಬದಿಯಲ್ಲಿ ಅದನ್ನು ಕಂಡಿದ್ದೇನೆ. ಹಾಗೆಂದು ಆ ಒಪ್ಪಿಗೆ ಸುಳ್ಳೆನ್ನಲಾರೆ. ಇದರ ಜೊತೆಚಿತ್ರದಲ್ಲಿ, ಪ್ರಭುವಿನ ದೇಹವನ್ನು ಶಿಲುಬೆಯಿಂದ ಇಳಿಸುತ್ತಿರುವವರ ನಡುವೆ, ಏಣಿಯ ಮೇಲಿರುವ ನೀಲಿ ಉಡುಪಿನವನ ಮುಖವೂ ಅವನದೇ ಎಂದು ವಿದ್ವಾಂಸರು ಗುರುತಿಸುತ್ತಾರೆ. ಏರಿಸಿದ ಕೈಗಳೇ ಇಳಿಸುತ್ತಿವೆ.

ಸ್ವಚಿತ್ರದ ರಚನೆಯಲ್ಲೇ ಒಂದು ತೊಡಕಿದೆ. ಕಲಾವಿದ ಕನ್ನಡಿ ನೋಡಿ ಬಿಡಿಸುತ್ತಾನೆ. ಕನ್ನಡಿಯಲ್ಲಿ ಕುಂಚ ಹಿಡಿದ ಬಲಗೈ ಎಡಗೈಯಾಗಿ ಕಾಣುತ್ತದೆ. ಲಂಡನ್ನಿನ ಕೆನ್‌ವುಡ್ ಭವನದಲ್ಲಿರುವ ರೆಂಬ್ರಾಂಟನ ಕೊನೆಗಾಲದ ಸ್ವಚಿತ್ರವನ್ನು ಎಕ್ಸ್-ರೇ ಮೂಲಕ ಪರೀಕ್ಷಿಸಿದಾಗ, ಆತ ಕುಂಚವನ್ನು ಮೊದಲು ಕನ್ನಡಿಯಲ್ಲಿ ಕಂಡ ಕೈಯಲ್ಲೇ ಬಿಡಿಸಿ, ಆಮೇಲೆ ತಿದ್ದಿದ್ದು ತಿಳಿದುಬಂತು. ಕನ್ನಡಿ ಕೊಡುವುದು ನೋಡುತ್ತ ನಿಂತ ಮುಖವೊಂದನ್ನು ಮಾತ್ರ. ಶಿಲುಬೆ ಎತ್ತುವ ತನ್ನನ್ನು ಅದರಲ್ಲಿ ಯಾರೂ ಕಾಣಲಾರರು, ಅದನ್ನು ಕಲ್ಪಿಸಿಕೊಳ್ಳಬೇಕು. ಕಲ್ಪನೆ ನಮ್ಮ ಪಾಪವನ್ನೂ ತುಸು ಭವ್ಯವಾಗಿಸುತ್ತದೆ.

ಈ ಸಂದೇಹ ಹುಟ್ಟಿದ ಮೇಲೆ ನನ್ನನ್ನು ಹೆಚ್ಚು ಹಿಡಿದಿಟ್ಟವು ಬೇರೆರಡು ಚಿತ್ರಗಳು. 1625ರಲ್ಲಿ, 19ರ ಹರೆಯದಲ್ಲಿ, ರೆಂಬ್ರಾಂಟ್ ಸಂತ ಸ್ತೇಫನನನ್ನು ಕಲ್ಲೆಸೆದು ಕೊಲ್ಲುವ ದೃಶ್ಯವನ್ನು ಬಿಡಿಸಿದ. ಇಸವಿ ನಮೂದಿಸಿದ ಅವನ ಚಿತ್ರಗಳಲ್ಲಿ ಇದು ಮೊದಲನೆಯದು, ಫ್ರಾನ್ಸಿನ ಲಿಯೋನ್‌ನಲ್ಲಿದೆ. ಕಲ್ಲೆತ್ತಿದ ಗುಂಪಿನ ನಡುವಿನಿಂದ ಅವನ ಎಳೆಯ ಮುಖ ಇಣುಕುತ್ತದೆ. ಹಿನ್ನೆಲೆಯಲ್ಲಿ, ಕಲ್ಲೆಸೆಯುವವರ ಬಟ್ಟೆಗಳನ್ನು ಕಾಯುತ್ತ ಸೌಲ ಕುಳಿತಿದ್ದಾನೆ.

ಮೂವತ್ತಾರು ವರ್ಷಗಳ ಬಳಿಕ, 1661ರಲ್ಲಿ, ರೆಂಬ್ರಾಂಟ್ ಆ ಸೌಲನೇ ಆದ. ಪ್ರೇಷಿತ ಪೌಲನ ರೂಪದಲ್ಲಿ ತನ್ನನ್ನು ಚಿತ್ರಿಸಿಕೊಂಡ. ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಮ್ಮಿನಲ್ಲಿರುವ ಈ ಚಿತ್ರವೇ, ನನ್ನ ಮಟ್ಟಿಗೆ, ಅವನ ನಿಜವಾದ ಪಾಪನಿವೇದನೆ. ಅಷ್ಟರಲ್ಲಿ ಮಡದಿ ಸಾಸ್ಕಿಯಾ ತೀರಿಕೊಂಡು ಬಹುಕಾಲವಾಗಿತ್ತು; 1656ರಲ್ಲಿ ದಿವಾಳಿಯಾಗಿ ಮನೆಯೂ ಕಲಾಸಂಗ್ರಹವೂ ಕೈಬಿಟ್ಟಿದ್ದವು. ಇಲ್ಲಿ ಗುಂಪಿಲ್ಲ, ಶಿಲುಬೆಯಿಲ್ಲ, ಎತ್ತಬೇಕಾದ ಭಾರವೂ ಇಲ್ಲ. ತಲೆಗೆ ಸುತ್ತಿದ ಬಿಳಿ ವಸ್ತ್ರ, ಕೈಯಲ್ಲಿ ಹಾಳೆಗಳು, ಸುಕ್ಕುಗಟ್ಟಿದ ಹಣೆ, ತುಸು ಮೇಲೆತ್ತಿದ ಹುಬ್ಬು. ಅವನಿಗಾಗ 55 ವರ್ಷ. ನನ್ನದೂ ಹೆಚ್ಚುಕಡಿಮೆ ಅದೇ ವಯಸ್ಸಾದ್ದರಿಂದಲೋ ಏನೋ, ಈ ಮುಖದಲ್ಲಿ ಸಂತತನಕ್ಕಿಂತ ದಣಿವೇ ನನಗೆ ಮೊದಲು ಕಾಣುತ್ತದೆ. ಸಿಕ್ಕಿಬಿದ್ದು, ಕ್ಷಮೆ ಪಡೆದು, ಇನ್ನೂ ಅದನ್ನು ನಂಬಲಾರದೆ ಕುಳಿತವನ ಅಚ್ಚರಿ ಆಮೇಲೆ.

ಖಡ್ಗ ಪೌಲನ ಸಾಂಪ್ರದಾಯಿಕ ಚಿಹ್ನೆ. ಖಡ್ಗದಿಂದಲೇ ಆತ ಹತನಾದನೆಂಬುದು ಧರ್ಮಸಭೆಯ ಪರಂಪರೆ. ಬೇರೆ ಕಲಾವಿದರು ಅದನ್ನು ಅವನ ಕೈಗೆ ಕೊಟ್ಟು ಎದ್ದುಕಾಣುವಂತೆ ನಿಲ್ಲಿಸುತ್ತಾರೆ. ಇಲ್ಲಿ ಅದು ಮೇಲಂಗಿಯೊಳಗೆ ಅಡಗಿದೆ. ಎದೆಯ ಬಳಿ ಹಿಡಿಯಷ್ಟೇ ಹೊರಚಾಚಿದೆ, ಅದೂ ಹುಡುಕಿದವರಿಗೆ ಮಾತ್ರ ಕಾಣುವಂತೆ.