ಉಸಿರಿಗಿಂತ ಎಲುಬು ನಿಧಾನ

1960ರ ಸೆಪ್ಟೆಂಬರ್ 10ರ ಸಂಜೆ ರೋಮ್ ಒಲಿಂಪಿಕ್ಸ್‌ನ ಮ್ಯಾರಥಾನ್‌ಗೆ ನಿಂತ ಇಥಿಯೋಪಿಯಾದ ಅಬೆಬೆ ಬಿಕಿಲರ ಕಾಲಲ್ಲಿ ಶೂ ಇರಲಿಲ್ಲ. ಅಲ್ಲಿ ಸಿಕ್ಕ ಜೋಡು ಪಾದಕ್ಕೆ ಹೊಂದಲಿಲ್ಲ. ಬರಿಗಾಲಲ್ಲಿ ಓಡಿ ಅಭ್ಯಾಸವಿದ್ದವರು ಹಾಗೆಯೇ ಹೊರಟರು. ಆಪಿಯನ್ ದಾರಿಯ ಹಳೆಯ ಕಲ್ಲುಹಾಸನ್ನು ದಾಟಿ, ಪಂಜಿನ ಬೆಳಕಲ್ಲಿ ಕಾನ್‌ಸ್ಟಂಟೈನ್ ಕಮಾನಿನ ಬಳಿ ಓಟ ಮುಗಿಸಿದಾಗ ಆಗಿದ್ದು 2 ಗಂಟೆ 15 ನಿಮಿಷ 16 ಸೆಕೆಂಡು. ಅಲ್ಲಿಯವರೆಗೆ ಯಾರೂ ಅಷ್ಟು ಬೇಗ ಮ್ಯಾರಥಾನ್ ಮುಗಿಸಿರಲಿಲ್ಲ.

ಬರಿಗಾಲ ಓಟದ ಮಾತು ಬಂದಲ್ಲೆಲ್ಲ ಈ ಕಥೆ ಬರುತ್ತದೆ. ಮುಂದಿನದನ್ನು ಹೇಳುವವರು ಕಡಿಮೆ. ನಾಲ್ಕು ವರ್ಷದ ನಂತರ ಟೋಕಿಯೊದಲ್ಲಿ ಅದೇ ಬಿಕಿಲ ಶೂ ತೊಟ್ಟು ಓಡಿ, ಮೂರು ನಿಮಿಷ ಬೇಗ ಮುಗಿಸಿ ಮತ್ತೆ ಚಿನ್ನ ಗೆದ್ದರು. ವೇಗದ ಆಸೆಗೆ ಶೂ ಬಿಚ್ಚುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಹಾಗಾದರೆ ಬಿಚ್ಚುವುದು ಯಾಕೆ? ಪಾದ ನೆಲಕ್ಕೆ ಬೀಳುವ ರೀತಿ ಬದಲಾಗುತ್ತದೆ, ಅದಕ್ಕೆ. ಹಾರ್ವರ್ಡ್‌ನ ಡೇನಿಯಲ್ ಲೀಬರ್ಮನ್ ಮತ್ತು ಸಂಗಡಿಗರು 2010ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಅಳೆದು ತೋರಿಸಿತು. ದಪ್ಪ ಅಟ್ಟೆಯ ಶೂ ತೊಟ್ಟವರಲ್ಲಿ ಹೆಚ್ಚಿನವರು ಹಿಮ್ಮಡಿಯನ್ನು ಮೊದಲು ಊರುತ್ತಾರೆ. ಬರಿಗಾಲಲ್ಲೇ ಓಡಿ ಬೆಳೆದವರು ಬಹುಮಟ್ಟಿಗೆ ಪಾದದ ಮುಂಭಾಗ ಊರಿ, ಆಮೇಲೆ ಹಿಮ್ಮಡಿ ಇಳಿಸುತ್ತಾರೆ. ಆಗ ನೆಲ ತಾಕಿದ ಕ್ಷಣದ ಆ ಚೂಪಾದ ಹೊಡೆತ ಬಹಳ ಕಡಿಮೆ.

ಆದರೆ ಹೊರೆ ಮಾಯವಾಗುವುದಿಲ್ಲ, ಜಾಗ ಬದಲಿಸುತ್ತದೆ. ಮಂಡಿ ತಪ್ಪಿಸಿಕೊಂಡದ್ದನ್ನು ಮೀನಖಂಡ, ಹಿಮ್ಮಡಿಯ ಹಿಂದಿನ ಸ್ನಾಯುರಜ್ಜು, ಬೆರಳ ಬುಡದ ಸಣ್ಣ ಎಲುಬುಗಳು ಹೊರುತ್ತವೆ. ಪಳಗಿದ ಓಟಗಾರ ಎಡವುವುದು ಇಲ್ಲೇ. ದಿನಾ ಹತ್ತು ಕಿಲೋಮೀಟರ್ ಓಡುವವರಿಗೆ ಎದೆಯಲ್ಲಿ ಉಸಿರಿದೆ, ತೊಡೆಯಲ್ಲಿ ಕಸುವಿದೆ. ವರ್ಷಗಟ್ಟಲೆ ಶೂ ಒಳಗೆ ಕೂತ ಪಾದ ಮಾತ್ರ ಇನ್ನೂ ಹೊಸದು. ಹೊಸಬರಾದರೆ ಏದುಸಿರು ಬಂದು ತಾವೇ ನಿಲ್ಲುತ್ತಾರೆ, ಇವರನ್ನು ತಡೆಯಲು ಅದೂ ಇಲ್ಲ. 2013ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಬೆರಳುಗವಸಿನಂಥ ತೆಳು ಶೂಗಳಿಗೆ ಹತ್ತು ವಾರದಲ್ಲಿ ಹೊರಳಿದ 19 ಓಟಗಾರರ ಪೈಕಿ 10 ಮಂದಿಯ ಪಾದದ ಎಲುಬಿನೊಳಗೆ ಊತ ಹೆಚ್ಚಿದ್ದು ಎಂಆರ್‌ಐನಲ್ಲಿ ಕಂಡಿತು. ಮೆಲ್ಲಗೆ ಹೊರಳಿ ಎಂದು ಅವರಿಗೆ ಮೊದಲೇ ಹೇಳಲಾಗಿತ್ತು.

ಆದ್ದರಿಂದ ಆರಂಭ ಐದಾರು ನಿಮಿಷದಿಂದ, ಅದೂ ದಿನ ಬಿಟ್ಟು ದಿನ. ಹುಲ್ಲು ಮೆತ್ತಗಿದೆಯೆಂದು ಅಲ್ಲಿಗೇ ಹೋಗುವವರು ಹೆಚ್ಚು. ಅದು ಗಾಜಿನ ಚೂರನ್ನೂ ಮುಳ್ಳನ್ನೂ ಮರೆಮಾಚುತ್ತದೆ, ಹಿಮ್ಮಡಿ ಕುಕ್ಕುವ ಹಳೆಯ ಚಾಳಿಯನ್ನೂ ಸಹಿಸಿಕೊಳ್ಳುತ್ತದೆ. ನುಣುಪಾದ ಗಟ್ಟಿ ನೆಲವೇ ಒಳ್ಳೆಯ ಗುರು. ಬೆಂಗಳೂರಿನವರಾದರೆ ವಾಹನ ಬಿಡದ ಮುಂಜಾನೆಯ ಹೊತ್ತಲ್ಲಿ ಕಬ್ಬನ್ ಪಾರ್ಕ್‌ನ ಡಾಂಬರು ರಸ್ತೆ ಸಾಕು. ಅಲ್ಲಿ ಹೆಜ್ಜೆ ತಾನಾಗಿ ಗಿಡ್ಡವಾಗುತ್ತದೆ, ಮಂಡಿ ತುಸು ಬಾಗುತ್ತದೆ. ಪಟಪಟ ಸದ್ದು ಕೇಳಿದರೆ ಕಾಲು ಇನ್ನೂ ದೇಹಕ್ಕಿಂತ ಮುಂದೆ ಬೀಳುತ್ತಿದೆ ಎಂದರ್ಥ.

ಓಟ ಮುಗಿದ ಮೇಲೆ ಅಂಗಾಲು ತಿರುಗಿಸಿ ನೋಡಬೇಕು. ಹೆಬ್ಬೆರಳ ತುದಿಯಲ್ಲಿ ಚರ್ಮ ತರಚಿದ್ದರೆ ನೆಲವನ್ನು ಹಿಂದಕ್ಕೆ ಒದೆಯುತ್ತಿದ್ದೀರಿ; ಪಾದ ಎತ್ತಬೇಕು, ಒದೆಯಬಾರದು. ಮಳೆಗಾಲದಲ್ಲಿ ಒದ್ದೆ ಚರ್ಮ ಮೆತ್ತಗಾಗಿ ಬೇಗ ಗುಳ್ಳೆ ಏಳುತ್ತದೆ. ಮಾರನೆಯ ದಿನ ಮೀನಖಂಡ ಬಿಗಿದುಕೊಳ್ಳುವುದು ಸಹಜ, ಎರಡು ದಿನಕ್ಕೆ ಇಳಿಯುತ್ತದೆ. ಪಾದದ ಮೇಲ್ಭಾಗದಲ್ಲಿ ಒಂದೇ ಬಿಂದುವಿನಲ್ಲಿ ಒತ್ತಿದರೆ ನೋಯುವುದು ಬೇರೆಯೇ ಸಂಗತಿ. ಎಲುಬು ಸೀಳು ಬಿಡುವ ಮುನ್ಸೂಚನೆ ಅದಾಗಿರಬಹುದು, ಓಟ ನಿಲ್ಲಿಸಿ ಮೂಳೆ ವೈದ್ಯರಿಗೆ ತೋರಿಸಬೇಕು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕುಂದಿದವರಿಗೆ ಈ ಅಭ್ಯಾಸವೇ ಬೇಡ.

ಉಳಿದವರು ಶೂ ಮಾರಬೇಕಿಲ್ಲ. ಬರಿಗಾಲ ಆ ಐದು ನಿಮಿಷ ಮುಗಿಸಿ, ಅಂಗಾಲು ಒರೆಸಿ, ಶೂ ಕಟ್ಟಿಕೊಂಡು ಎಂದಿನ ಹತ್ತು ಕಿಲೋಮೀಟರ್‌ಗೆ ಹೊರಡಬಹುದು. ಮುಂದಿನ ವಾರ ಒಂದೆರಡು ನಿಮಿಷ ಸೇರಿಸಿದರಾಯಿತು.