ಬೆನ್ನ ಹಿಂದಿನವರನ್ನು ನೋಡಿ: ಆಕಾಶ ಜಿಗಿತದ ರಸಿಕರಿಗೊಂದು ಕೈಪಿಡಿ

ಬಾರ್ಕೂರಿನ ಕಡೆ ಸ್ಕೈಡೈವಿಂಗ್ ಎಂದು ಬಾಯಿ ತೆರೆದರೆ ಮೊದಲು ಬರುವ ಮಾತು, "ಅದೇ ಅಲ್ದಾ, ಮಲ್ಪಿಯಂಗೆ ಮಾಡ್ತ್ರಲ?" ಅದಲ್ಲ. ಮಲ್ಪೆಯದು ಪ್ಯಾರಾಸೇಲಿಂಗ್. ಅಲ್ಲಿ ದೋಣಿ ಎಳೆಯುತ್ತದೆ, ಹಗ್ಗ ಹಿಡಿದಿರುತ್ತದೆ, ದೋಣಿ ನಿಂತರೆ ಆಟವೂ ಮುಗಿಯಿತು. ಸ್ಕೈಡೈವಿಂಗಿನಲ್ಲಿ ವಿಮಾನದ ಬಾಗಿಲು ದಾಟಿದ ಮೇಲೆ ಎಳೆಯುವವರೂ ಇಲ್ಲ, ತಡೆಯುವವರೂ ಇಲ್ಲ. ಬೆನ್ನಿಗೆ ಕಟ್ಟಿಕೊಂಡ ಬಟ್ಟೆ, ಒಂದಷ್ಟು ದಾರ, ಗಾಳಿಯ ಬಗ್ಗೆ ಒಂದು ಅಂದಾಜು, ಇಷ್ಟರ ಮೇಲೆ ಮನುಷ್ಯ ನೆಲ ಮುಟ್ಟಬೇಕು. ಕೆಳಗೆ ನಿಂತ ನಮಗೆ ಬಟ್ಟೆ ತಾನಾಗಿ ಕಾಣುತ್ತದೆ. ಅಂದಾಜನ್ನು ಕಾಣಲು ಕಣ್ಣು ಸ್ವಲ್ಪ ಪಳಗಬೇಕು.

ಪಳಗಿಸಿಕೊಳ್ಳಲು ಟ್ಯಾಂಡೆಮ್ ಜಿಗಿತಕ್ಕಿಂತ ಒಳ್ಳೆಯ ಪಾಠವಿಲ್ಲ. ಇದರಲ್ಲಿ ಇಬ್ಬರು ಒಂದೇ ಪ್ಯಾರಾಚೂಟಿನಲ್ಲಿ ಇಳಿಯುತ್ತಾರೆ. ಮುಂದೆ ಜನ್ಮದಲ್ಲಿ ಮೊದಲ ಸಲ ಹಾರುತ್ತಿರುವವರು, ಅವರ ಬೆನ್ನಿಗೆ ಅಂಟಿಕೊಂಡಂತೆ ಇನ್‌ಸ್ಟ್ರಕ್ಟರ್. ನೋಡುವವರ ಕಣ್ಣು ಮುಂದಿನವರ ಮುಖದ ಮೇಲೆಯೇ ನೆಟ್ಟಿರುತ್ತದೆ. ಕಿರುಚಾಟ, ನಗು, ಹಾರುವ ಕೂದಲು ಎಲ್ಲ ಅಲ್ಲಿದೆ. ಮಂದಾರ್ತಿ ಮೇಳದ ಯಕ್ಷಗಾನ ಆಟಕ್ಕೆ ಹೊಸದಾಗಿ ಹೋದವರೂ ಹೀಗೆಯೇ ವೇಷವನ್ನು ನೋಡುತ್ತಾರೆ; ನಾಲ್ಕಾರು ಆಟ ಕಂಡವರ ಕಿವಿ ಮಾತ್ರ ಹಿಂದೆ ಕೂತ ಭಾಗವತರ ಕಡೆ ಇರುತ್ತದೆ. ಯಾವ ಪದವನ್ನು ಎಷ್ಟು ಎಳೆಯಬೇಕು, ವೇಷಧಾರಿ ಸುಸ್ತಾದರೆ ಎಲ್ಲಿ ಮುಗಿಸಬೇಕು ಎನ್ನುವುದು ಅವರ ಕೈಯಲ್ಲಿದೆ. ಟ್ಯಾಂಡೆಮ್‌ನಲ್ಲೂ ಬೆನ್ನ ಹಿಂದಿನವರನ್ನು ನೋಡಿ. ಈ ಬರಹದಲ್ಲಿ ನಾನು ಹೇಳುವುದೆಲ್ಲ ಅದೊಂದೇ ಮಾತಿನ ವಿಸ್ತಾರ.

ಟ್ಯಾಂಡೆಮ್ ಬಹಳ ಹಳೆಯ ಕಲೆಯೇನೂ ಅಲ್ಲ. 1980ರ ದಶಕದ ಮೊದಲ ಭಾಗದಲ್ಲಿ ಅಮೆರಿಕದ ಬಿಲ್ ಬೂತ್ ಮತ್ತು ಟೆಡ್ ಸ್ಟ್ರಾಂಗ್ ಇಬ್ಬರನ್ನು ಹೊರುವ ಪ್ಯಾರಾಚೂಟನ್ನು ರೂಪಿಸುವವರೆಗೆ, ಹೊಸಬರು ಒಂದೆರಡು ದಿನ ನೆಲದ ಮೇಲೆ ಕಲಿತು ಒಬ್ಬರೇ ಜಿಗಿಯಬೇಕಿತ್ತು. ನಮ್ಮಲ್ಲಿ ಜಿಗಿತ ಬಂದದ್ದು ಸೈನ್ಯದ ದಾರಿಯಿಂದ. 1941ರಲ್ಲಿ ಪ್ಯಾರಾ ಬ್ರಿಗೇಡ್ ಹುಟ್ಟಿತು, ತರಬೇತಿಗೆ ಆಗ್ರಾ ಹೆಸರಾಯಿತು. ಪ್ಯಾರಾಚೂಟ್ ರೆಜಿಮೆಂಟಿನ ತರಬೇತಿ ಕೇಂದ್ರ ಈಗ ಬೆಂಗಳೂರಿನಲ್ಲಿದೆ. ನಾಗರಿಕ ಜಿಗಿತಗಾರರಲ್ಲಿ ನೆನಪಿನಲ್ಲಿ ಉಳಿದವರು ರೇಚಲ್ ಥಾಮಸ್ ಮತ್ತು ಶೀತಲ್ ಮಹಾಜನ್. ರೇಚಲ್ 2002ರಲ್ಲಿ, ಶೀತಲ್ 2004ರಲ್ಲಿ ಉತ್ತರ ಧ್ರುವದ ಮೇಲೆ ಜಿಗಿದರು.

ಎಲ್ಲಿ ನೋಡುವುದು? ಬಾರ್ಕೂರಿನಲ್ಲಿ ಆಗದು, ಅದರ ಕಾರಣ ಮುಂದೆ ಹೇಳುತ್ತೇನೆ. ಕರ್ನಾಟಕದಲ್ಲಿ ನಾಗರಿಕ ಸ್ಕೈಡೈವಿಂಗ್ ಎಂದರೆ ಮೈಸೂರು. ಚಾಮುಂಡಿ ಬೆಟ್ಟ ಕಾಣುವ ಬಯಲಿನಲ್ಲಿ ಶಿಬಿರಗಳು ನಡೆದಿವೆ, ವಿಮಾನ ಏರುವುದು ಮಂಡಕಳ್ಳಿ ನಿಲ್ದಾಣದಿಂದ. ಅವು ವರ್ಷಪೂರ್ತಿ ಇರುವಂಥವಲ್ಲ, ವಿಚಾರಿಸಿಕೊಂಡು ಹೋಗಬೇಕು. ಹರಿಯಾಣದ ನಾರ್ನೌಲ್‌ನಲ್ಲಿಯೂ ಟ್ಯಾಂಡೆಮ್ ನಡೆಯುತ್ತದೆ. ಪ್ರದರ್ಶನ ಮಾತ್ರ ಸಾಕು ಎನ್ನುವವರಿಗೆ ಯಲಹಂಕದ ಏರೋ ಇಂಡಿಯಾ ಮತ್ತು ಮೈಸೂರು ದಸರೆಯ ವೈಮಾನಿಕ ಪ್ರದರ್ಶನಗಳಿವೆ. 1987ರಲ್ಲಿ ಕಟ್ಟಿದ ವಾಯುಪಡೆಯ ಆಕಾಶಗಂಗಾ ತಂಡ ಅಲ್ಲಿ ಇಳಿಯುವ ದಿನವಾದರೆ ನಿಮ್ಮ ಅದೃಷ್ಟ.

ನೋಡುವ ಕೆಲಸ ವಿಮಾನ ಏರುವ ಮೊದಲೇ ಶುರುವಾಗಬೇಕು. ಹಾರ್ನೆಸ್ ತೊಡಿಸುವ ಜಾಗದಲ್ಲಿ ನಿಂತು ಇನ್‌ಸ್ಟ್ರಕ್ಟರರ ಬೆರಳುಗಳನ್ನು ಗಮನಿಸಿ. ತೊಡೆಯ ಪಟ್ಟಿ, ಎದೆಯ ಪಟ್ಟಿ, ಸೊಂಟದ ಇಕ್ಕೆಲದ ಪಟ್ಟಿ. ಪ್ರತಿ ಪಟ್ಟಿಯ ಕೆಳಗೆ ಎರಡು ಬೆರಳು ತೂರಿಸಿ, ಎಳೆದು, ಉಳಿದ ತುದಿಯನ್ನು ಮಡಚಿ ಒಳಗೆ ಸಿಕ್ಕಿಸುತ್ತಾರೆ. ಬಾಯಿ ಬೇರೆಯದೇ ಹೇಳುತ್ತಿರುತ್ತದೆ: ಯಾವೂರು, ಎಂತ ಕೆಲಸ, ಮನೆಯಲ್ಲಿ ಹೇಳಿ ಬಂದಿದ್ದೀರೋ ಇಲ್ಲವೋ. ಮಾತು ಎದುರಿನವರ ಹೆದರಿಕೆಗೆ, ಬೆರಳು ಪಟ್ಟಿಗೆ. ಇವೆರಡೂ ಒಂದಕ್ಕೊಂದು ತಡೆಯಾಗದೆ ಸಾಗುತ್ತಿದ್ದರೆ ನೀವು ಪಳಗಿದ ಕೈಯನ್ನು ನೋಡುತ್ತಿದ್ದೀರಿ. ಮಾತಿನ ನಡುವೆ ಬೆರಳು ನಿಂತು, ಕಣ್ಣು ಒಂದೇ ಬಕಲ್‌ನ ಮೇಲೆ ನೆಟ್ಟು, ನಗು ಪಕ್ಕಕ್ಕೆ ಸರಿದ ಆ ಒಂದು ಗಳಿಗೆ ಸಿಕ್ಕಿದರೆ ಇನ್ನೂ ಒಳ್ಳೆಯದು.

ಇಬ್ಬರನ್ನು ಜೋಡಿಸುವ ಕೊಕ್ಕೆಗಳು ನಾಲ್ಕು, ಭುಜಕ್ಕೆ ಎರಡು, ಸೊಂಟಕ್ಕೆ ಎರಡು. ಅವನ್ನು ಹಾಕುವುದು ವಿಮಾನದ ಒಳಗೆ, ಸೀಟು ಕಿತ್ತ ಸಣ್ಣ ಸೆಸ್ನಾದ ನೆಲದ ಮೇಲೆ ಒಬ್ಬರ ಮಡಿಲಲ್ಲಿ ಒಬ್ಬರೆಂಬಂತೆ ಕೂತು. ಹಾಕಿದ್ದನ್ನು ಬಾಗಿಲು ತೆರೆಯುವ ಮೊದಲು ಮತ್ತೆ ಮುಟ್ಟಿ ನೋಡುತ್ತಾರೆ. ಸಾವಿರ ಸಲ ಮಾಡಿದವರು ಸಾವಿರದ ಒಂದನೆಯ ಸಲವೂ ಮುಟ್ಟುತ್ತಾರೆ. ಅಮೆರಿಕದ ಸ್ಕೈಡೈವಿಂಗ್ ಸಂಘದ ಲೆಕ್ಕದಲ್ಲಿ ಟ್ಯಾಂಡೆಮ್ ಇನ್‌ಸ್ಟ್ರಕ್ಟರ್ ಆಗಲು ಕನಿಷ್ಠ 3 ವರ್ಷದ ಅನುಭವ ಮತ್ತು 500 ಜಿಗಿತ ಬೇಕು. ಆಮೇಲೂ ಪರೀಕ್ಷೆಯಿದೆ. ಹಳೆಯ ಅನುಭವಿಯೊಬ್ಬರು ಪ್ರಯಾಣಿಕರಾಗಿ ಮುಂದೆ ಕಟ್ಟಿಸಿಕೊಂಡು, ಗಾಬರಿಯಾದವರಂತೆ ಮೈ ತಿರುಚಿ, ಹಿಂದಿನವರ ಸಮತೋಲ ಕೆಡಿಸಿ ನೋಡುತ್ತಾರೆ.

ಇನ್ನು ಕಿವಿ ತೆರೆಯಿರಿ. ಕೆಳಗೆ ನಿಂತವರಿಗೆ 10,000 ಅಡಿಯ ಮೇಲಿನ ವಿಮಾನ ಒಂದು ಚುಕ್ಕೆ, ಬಾಗಿಲಂತೂ ಕಾಣುವುದೇ ಇಲ್ಲ. ಆದರೆ ಜಿಗಿತಕ್ಕೆ ಕೆಲವು ಸೆಕೆಂಡು ಮುಂಚೆ ಪೈಲಟ್ ಎಂಜಿನ್ನಿನ ವೇಗ ಇಳಿಸುತ್ತಾರೆ. ಅದುವರೆಗೆ ಒಂದೇ ಸಮನೆ ಬರುತ್ತಿದ್ದ ಗುಂಯ್ ಸದ್ದು ಸಟ್ಟನೆ ತಗ್ಗುತ್ತದೆ. ಪಕ್ಕದವರು ಇನ್ನೂ ಯಾವ ಕಡೆ ನೋಡುವುದೆಂದು ಕೇಳುತ್ತಿರುವಾಗ ನೀವು ಎಣಿಕೆ ಶುರು ಮಾಡಿ. ಮೊದಲ ಸಾವಿರ ಅಡಿಗೆ ಸುಮಾರು 10 ಸೆಕೆಂಡು, ಆಮೇಲಿನ ಪ್ರತಿ ಸಾವಿರಕ್ಕೆ ಐದೂವರೆ. 5,000 ಅಡಿಯ ಹತ್ತಿರ ಪ್ಯಾರಾಚೂಟ್ ಬಿಚ್ಚುವುದರಿಂದ ನಿಮ್ಮ ಎಣಿಕೆ 30ರ ಆಸುಪಾಸಿಗೆ ಬರುವ ಹೊತ್ತಿಗೆ ಬಣ್ಣ ಅರಳಬೇಕು. ಸುತ್ತ ಗದ್ದಲವಿಲ್ಲದಿದ್ದರೆ ಅದು ಅರಳಿ ನಾಲ್ಕು ಸೆಕೆಂಡಾದ ಮೇಲೆ ಬಟ್ಟೆ ಬಡಿದ ಸದ್ದು ನಿಮ್ಮನ್ನು ತಲುಪುತ್ತದೆ. ಶಬ್ದಕ್ಕೆ ಅಷ್ಟು ದೂರ ಇಳಿಯಲು ಅಷ್ಟು ಹೊತ್ತು ಬೇಕು.

ಆ ಮೂವತ್ತು ಸೆಕೆಂಡನ್ನು ಜಾಹೀರಾತುಗಳು ಇಡೀ ಕಲೆಯೆಂಬಂತೆ ಮಾರುತ್ತವೆ. ನನ್ನ ಮಟ್ಟಿಗೆ ಅದು ಕೆಳಗಿನಿಂದ ನೋಡುವವರಿಗೆ ಅತ್ಯಂತ ಕಡಿಮೆ ದಕ್ಕುವ ಭಾಗ. ಆದರೂ ಅಲ್ಲಿ ಒಂದು ಜಾಣತನವಿದೆ. ಇಬ್ಬರ ತೂಕ ಒಟ್ಟಾಗಿ ಬಿದ್ದರೆ ವೇಗ ಒಬ್ಬರೇ ಬೀಳುವುದಕ್ಕಿಂತ ಬಹಳ ಹೆಚ್ಚಾಗಿ, ಪ್ಯಾರಾಚೂಟ್ ಬಿಚ್ಚಿದಾಗಿನ ಹೊಡೆತ ಬಟ್ಟೆಗೂ ಮೈಗೂ ತಡೆಯಲಾರದ್ದಾಗುತ್ತದೆ. ಅದಕ್ಕೆಂದು ಬಾಗಿಲು ದಾಟಿದ ಕೆಲವೇ ಸೆಕೆಂಡಿನಲ್ಲಿ ಇನ್‌ಸ್ಟ್ರಕ್ಟರ್ ಡ್ರೋಗ್ ಎಂಬ ಪುಟ್ಟ ಪ್ಯಾರಾಚೂಟನ್ನು ಹಿಂದಕ್ಕೆ ಎಸೆಯುತ್ತಾರೆ. ಅದು ಬಾಲದ ಹಾಗೆ ಮೇಲೆ ನಿಂತು ವೇಗವನ್ನು ಗಂಟೆಗೆ 200 ಕಿ.ಮೀ. ಆಸುಪಾಸಿಗೆ ತಡೆಯುತ್ತದೆ. ವಿಡಿಯೊ ಸಿಕ್ಕರೆ ಮುಂದಿನವರ ಹೆಬ್ಬೆರಳು ಬಿಟ್ಟು ಹಿಂದಿನವರ ಕೈ ನೋಡಿ. ಡ್ರೋಗ್ ಎಸೆದ ಮೇಲೆ ಆ ಕೈ ಒಂದೊಂದೇ ಹಿಡಿಕೆಯನ್ನು ಮುಟ್ಟಿ ಬರುತ್ತದೆ, ಬೇಕಾದಾಗ ಎಲ್ಲೆಲ್ಲಿ ಇರುತ್ತವೆಂದು ಕೈಗೇ ನೆನಪು ಮಾಡಿಸಿದಂತೆ. ಆಮೇಲೆ ಕಣ್ಣು ಮಣಿಕಟ್ಟಿನಲ್ಲಿ ಎತ್ತರ ತೋರುವ ಆಲ್ಟಿಮೀಟರಿಗೆ. ಕ್ಯಾಮೆರಾ ಹಿಡಿದವರು ಎದುರಿಗೆ ತೇಲುತ್ತ ನಗಿಸುತ್ತಿದ್ದರೂ ಆ ನೋಟ ಮತ್ತೆ ಮತ್ತೆ ಅಲ್ಲಿಗೇ ಮರಳುತ್ತದೆ.

ಅರಳಿದ ಬಟ್ಟೆ ಕೊಡೆಯಂತೆ ದುಂಡಗಿಲ್ಲ, ಆಯತಾಕಾರವಾಗಿದೆ. ಒಳಗೆ ಸಾಲು ಗೂಡುಗಳು, ಮುಂದಿನ ಬಾಯಿಯಿಂದ ಗಾಳಿ ತುಂಬಿಕೊಂಡು ರೆಕ್ಕೆಯಾಗುತ್ತದೆ. 1960ರ ದಶಕದಲ್ಲಿ ಡೊಮಿನಾ ಜಾಲ್ಬರ್ಟ್ ಕಂಡುಕೊಂಡ ವಿನ್ಯಾಸವಿದು. ಅವರು ಮೂಲತಃ ಗಾಳಿಪಟ ಮಾಡುತ್ತಿದ್ದವರು. ಪಣಂಬೂರಿನ ಗಾಳಿಪಟ ಉತ್ಸವದಲ್ಲಿ ಒಂದು ಕಡ್ಡಿಯೂ ಇಲ್ಲದೆ ಗಾಳಿ ತುಂಬಿ ನಿಲ್ಲುವ ದೊಡ್ಡ ಪಟಗಳನ್ನು ಕಂಡಿದ್ದರೆ ಅದರ ಹಿಂದಿನ ತತ್ತ್ವ ನಿಮಗೆ ಗೊತ್ತಿದೆ. ಬಿಚ್ಚಿದ ಕೂಡಲೇ ದಾರಗಳ ನಡುವೆ ಒಂದು ಚೌಕ ಬಟ್ಟೆ ಮೇಲಿನಿಂದ ಕೆಳಗೆ ಜಾರುವುದನ್ನು ದುರ್ಬೀನಿನಲ್ಲಿ ಕಾಣಬಹುದು. ಅದು ಸ್ಲೈಡರ್, ಬಟ್ಟೆ ಒಮ್ಮೆಲೇ ಬಿರಿಯದಂತೆ ತಡೆದು ತಡೆದು ಬಿಡಿಸುವುದು ಅದರ ಕೆಲಸ. ಇನ್‌ಸ್ಟ್ರಕ್ಟರ್ ತಲೆಯೆತ್ತಿ ನೋಡುತ್ತಾರೆ: ಆಕಾರ ಸರಿಯೇ, ಸ್ಲೈಡರ್ ಇಳಿಯಿತೇ, ದಾರ ಹೆಣೆದುಕೊಂಡಿದೆಯೇ. ಸರಿಯಿಲ್ಲದಿದ್ದರೆ ದೊಡ್ಡ ಬಟ್ಟೆಯನ್ನು ಕಳಚಿ ಬಿಟ್ಟು ರಿಸರ್ವ್ ಎಂಬ ಎರಡನೆಯ ಪ್ಯಾರಾಚೂಟನ್ನು ಎಳೆಯಬೇಕು. ಹಾಗೆ ಸಲೀಸಾಗಿ ಕಳಚಿಕೊಳ್ಳುವ ಮೂರು ಉಂಗುರದ ಉಪಾಯವೂ ಅದೇ ಬಿಲ್ ಬೂತ್‌ರದ್ದು. ಏನೂ ಮಾಡಲಾಗದೆ ಇಬ್ಬರೂ ಬೀಳುತ್ತಲೇ ಇದ್ದರೆ ಸುಮಾರು 2,000 ಅಡಿಯ ಹತ್ತಿರ ಒಂದು ಪುಟ್ಟ ಯಂತ್ರ ತಾನೇ ರಿಸರ್ವ್ ಬಿಚ್ಚುತ್ತದೆ.

ಇಲ್ಲಿಂದ ನೆಲದವರೆಗಿನ ನಾಲ್ಕೈದು ನಿಮಿಷವೇ ನಿಜವಾದ ರಸಿಕರ ಪಾಲು. ಮತ್ತು ಇಲ್ಲಿ ಕರಾವಳಿಯವರಿಗೆ ಘಟ್ಟದ ಮೇಲಿನವರಿಗಿಂತ ಒಂದು ಹಿಡಿ ಹೆಚ್ಚು ಅನುಕೂಲ. ಗಾಳಿ ತಿರುಗುವುದನ್ನು ನೋಡಿಯೇ ಬೆಳೆದವರು ನಾವು. ಬೆಳಿಗ್ಗೆ ಘಟ್ಟದ ಕಡೆಯಿಂದ ಕಡಲಿಗೆ ಹೋಗುವ ಗಾಳಿ, ಬಿಸಿಲೇರಿದಂತೆ ಸತ್ತು, ಮಧ್ಯಾಹ್ನದ ಹೊತ್ತಿಗೆ ಪಡುವಣದಿಂದ ಒಳಗೆ ಬೀಸುತ್ತದೆ. ಹಂಗಾರಕಟ್ಟೆಯಲ್ಲಿ ದೋಣಿ ಬಿಡುವವರಿಗೆ ಇದನ್ನು ಯಾರೂ ಪುಸ್ತಕದಿಂದ ಕಲಿಸಿಲ್ಲ. ಇನ್‌ಸ್ಟ್ರಕ್ಟರ್ ಓದಬೇಕಾದ ಗಾಳಿ ಒಂದಲ್ಲ. 10,000 ಅಡಿಯಲ್ಲಿ ಒಂದು, 3,000ದಲ್ಲಿ ಇನ್ನೊಂದು, ನೆಲದ ಮೇಲೆ ಮತ್ತೊಂದು. ಯಾವ ಜಾಗದ ಮೇಲೆ ಬಾಗಿಲು ದಾಟಬೇಕೆಂಬುದು ಈ ಮೂರರ ಲೆಕ್ಕ. ಇಳಿಯುವ ಬಯಲಿನ ನೆತ್ತಿಯ ಮೇಲೆಯೇ ಜಿಗಿದರೆ ಬಲವಾದ ಗಾಳಿ ಅವರನ್ನು ಎಲ್ಲಿಗೋ ಒಯ್ದಿರುತ್ತದೆ.

ಬಾರ್ಕೂರಿನ ಮೇಲೆ ಜಿಗಿದರೆ ಹೇಗಿದ್ದೀತು ಎಂದು ನಾನು ಆಗಾಗ ಲೆಕ್ಕ ಹಾಕುವುದುಂಟು. ಮಳೆ ನಿಂತು ಬಾನು ತಿಳಿಯಾದ ದಿನ ಮೇಲಿನಿಂದ ಸೀತಾನದಿ ತಿರುವು ತಿರುವಾಗಿ ಪಡುವಣಕ್ಕೆ ಹೋಗಿ, ಸ್ವರ್ಣೆಯ ಜತೆಗೂಡಿ, ಕೋಡಿ ಬೆಂಗ್ರೆಯ ಬಳಿ ಕಡಲು ಸೇರುವುದು ಕಾಣುತ್ತದೆ. ಮೂಡಣಕ್ಕೆ ಘಟ್ಟದ ಗೋಡೆ. ನಡುವೆ ಕೊಂಕಣ ರೈಲಿನ ಗೆರೆ, ಕೋಟೆಕೇರಿ, ಮೂಡುಕೇರಿ, ಚೌಳಿಕೇರಿ. ಆಳುಪರ ಕಾಲದ ರಾಜಧಾನಿಯ ದೇವಸ್ಥಾನಗಳೆಲ್ಲ ತೆಂಗಿನ ತಲೆಗಳ ಅಡಿಯಲ್ಲಿ ಅಡಗಿರುತ್ತವೆ. ಅಡಗಿರುವುದೇ ತೊಂದರೆ. ಮೇಲಿನಿಂದ ಹಸಿರಾಗಿ ಕಂಡದ್ದು ಮುಕ್ಕಾಲು ಪಾಲು ತೆಂಗು, ಅಡಿಕೆ, ಮಾವು. ಬಯಲೆಂದು ಕಂಡದ್ದು ಅಂಚುಕಟ್ಟಿದ ಗದ್ದೆ, ಅದರ ಮೇಲೊಂದು ಕರೆಂಟು ತಂತಿ. ತಂತಿ ಮೇಲಿನಿಂದ ಕಾಣುವುದೇ ಇಲ್ಲ, ಕಂಬ ನೋಡಿ ಊಹಿಸಬೇಕು. ಟ್ಯಾಂಡೆಮ್ ಇಳಿಸಲು ಅಡೆತಡೆಯಿಲ್ಲದ ದೊಡ್ಡ ಬಯಲು ಬೇಕು, ಹತ್ತಿರದಲ್ಲಿ ಓಡುದಾರಿ ಬೇಕು. ಇವೆರಡೂ ನಮ್ಮಲ್ಲಿಲ್ಲ. ಮೈಸೂರಿನಲ್ಲಿ ನಿಂತು ನೋಡುವಾಗ ಈ ಲೆಕ್ಕವನ್ನು ನಿಮ್ಮೂರಿಗೆ ಅನ್ವಯಿಸಿ ನೋಡಿ, ಇನ್‌ಸ್ಟ್ರಕ್ಟರ್ ಮೇಲಿನಿಂದ ಏನನ್ನು ಹುಡುಕುತ್ತಿದ್ದಾರೆಂಬುದು ಬೇಗ ತಿಳಿಯುತ್ತದೆ.

ಕೆಲವರು ಒಂದೇ ಪಕ್ಕದ ಟಾಗಲ್, ಅಂದರೆ ದಿಕ್ಕು ತಿರುಗಿಸುವ ಹಿಡಿಕೆ, ಎಳೆದು ಗಿರಗಿರ ಸುತ್ತಿಸುತ್ತಾರೆ. ಕೆಳಗೆ ಚಪ್ಪಾಳೆ ಬೀಳುತ್ತದೆ. ಮುಂದಿನವರ ಹೊಟ್ಟೆ ತೊಳಸುತ್ತಿರುವುದು ಚಪ್ಪಾಳೆಯವರಿಗೆ ಗೊತ್ತಿಲ್ಲ. ನನಗೆ ಹಿಡಿಸುವವರು ಮುಂದಿನವರನ್ನು ಕೇಳಿ, ಬೇಕೆಂದರೆ ಒಂದೆರಡು ಸುತ್ತು ತಿರುಗಿಸಿ ಬಿಡುವವರು. ಸಾವಿರ ಅಡಿಯ ಆಸುಪಾಸಿನಲ್ಲಿ ಆಟ ಎಲ್ಲ ನಿಲ್ಲಬೇಕು. ಮೊದಲು ಗಾಳಿಯ ಜತೆಗೆ ಬಯಲಿನ ಪಕ್ಕದಿಂದ ಹಾದು, ಅಡ್ಡ ತಿರುಗಿ, ಕೊನೆಗೆ ಗಾಳಿಗೆ ಎದುರಾಗಿ ಬರುತ್ತಾರೆ. ವಿಂಡ್‌ಸಾಕ್ ಎಂಬ ಗಾಳಿ ತೋರುವ ಬಟ್ಟೆಚೀಲ ಯಾವ ಕಡೆ ತೋರುತ್ತಿದೆ ನೋಡಿಕೊಂಡರೆ ಅವರು ಯಾವ ಕಡೆಯಿಂದ ಇಳಿಯುತ್ತಾರೆಂದು ನೀವು ಮೊದಲೇ ಹೇಳಬಹುದು. ಹೇಳಿ, ಸರಿಯಾದರೆ ಅದರ ಸುಖವೇ ಬೇರೆ.

ಕೊನೆಯ ಹತ್ತಡಿ ಬಹಳ ಬೇಗ ಮುಗಿಯುತ್ತದೆ. ಮುಂದಿನವರು ಕಾಲನ್ನು ನೇರ ಮುಂದಕ್ಕೆ ಎತ್ತಬೇಕು, ಹಿಂದಿನವರು ಎರಡೂ ಟಾಗಲ್‌ಗಳನ್ನು ಒಟ್ಟಿಗೆ ಕೆಳಕ್ಕೆ ಎಳೆಯಬೇಕು. ಇದೇ ಫ್ಲೇರ್. ಮೊದಲೇ ಎಳೆದರೆ ರೆಕ್ಕೆ ಮೇಲೆಯೇ ಸೋತು ಇಬ್ಬರೂ ದೊಪ್ಪನೆ ಬೀಳುತ್ತಾರೆ. ತಡವಾದರೆ ನೆಲ ಬಂದು ಹೊಡೆಯುತ್ತದೆ. ಸರಿಯಾದ ಕ್ಷಣಕ್ಕೆ ಎಳೆದರೆ ಮುಂದಕ್ಕೆ ನುಗ್ಗುತ್ತಿದ್ದ ವೇಗವೆಲ್ಲ ಎತ್ತುವ ಬಲವಾಗಿ ತಿರುಗಿ ಬಟ್ಟೆ ಅರೆಗಳಿಗೆ ಗಾಳಿಯಲ್ಲೇ ನಿಂತಂತಾಗುತ್ತದೆ. ನಿಂತೇ ಇಳಿದರೆ ಶಹಬ್ಬಾಸ್ ಎನ್ನುವುದು ವಾಡಿಕೆ. ಗಾಳಿ ಕಡಿಮೆಯಿದ್ದ ದಿನ, ಮುಂದಿನವರ ಮೈ ಭಾರವಿದ್ದಾಗ, ಕುಂಡೆಯ ಮೇಲೆ ಜಾರುತ್ತ ಇಳಿಸುವುದೇ ಬುದ್ಧಿವಂತಿಕೆ. ಜಾರಿದ್ದನ್ನು ಬಿದ್ದದ್ದೆಂದು ತಿಳಿಯಬೇಡಿ.

ಪ್ರದರ್ಶನ ತಂಡಗಳ ರುಚಿ ಬೇರೆ. ಅಲ್ಲಿ ಬಾವುಟ, ಬಣ್ಣದ ಹೊಗೆ, ಒಬ್ಬರ ಬಟ್ಟೆಯ ಮೇಲೆ ಇನ್ನೊಬ್ಬರು ಕಾಲಿಟ್ಟು ಕಟ್ಟುವ ಗೋಪುರ. ಅದರೊಳಗೂ ಸೂಕ್ಷ್ಮ ಹುಡುಕುವವರು ಗುರಿಯಿಳಿತದ ಸ್ಪರ್ಧೆಯನ್ನು ನೋಡಬೇಕು. ಹಾಸಿಗೆಯ ನಡುವೆ ಇಟ್ಟ 2 ಸೆಂಟಿಮೀಟರಿನ ಬಿಂದುವಿಗೆ ಹಿಮ್ಮಡಿ ತಾಗಿಸಲು ಸಾವಿರಾರು ಅಡಿಯಿಂದ ಬರುತ್ತಾರೆ.

ಟ್ಯಾಂಡೆಮ್ ಇನ್‌ಸ್ಟ್ರಕ್ಟರರ ದಿನದಲ್ಲಿ ಇಂಥ ಮೆರುಗು ಕಡಿಮೆ. ಅದೇ ಮಾತು, ಅದೇ ಪಟ್ಟಿ, ಪ್ರತಿ ಲೋಡಿಗೂ, ಅಂದರೆ ವಿಮಾನದ ಪ್ರತಿ ಸುತ್ತಿಗೂ, ಹೊಸ ಮುಖ. ಬಿಚ್ಚುವಾಗಿನ ಜಗ್ಗು ದಿನವೂ ಭುಜ, ಬೆನ್ನು, ಕತ್ತಿಗೆ. ಇಳಿಯುವಾಗಿನ ಭಾರ ಮೊಣಕಾಲಿಗೆ. ಗಾಳಿ ಕೆಟ್ಟ ದಿನ ಟೆಂಟಿನ ನೆರಳಲ್ಲಿ ವಿಂಡ್‌ಸಾಕ್ ನೋಡುತ್ತ ಕೂರುವುದು, ಜಿಗಿತವಿಲ್ಲದಿದ್ದರೆ ಸಂಪಾದನೆಯೂ ಇಲ್ಲ. ಮುಂದಿನವರಿಗೆ ಬದುಕಿನ ದೊಡ್ಡ ದಿನ, ಇವರಿಗೆ ಆ ದಿನದ ಮೂರನೆಯ ಜಿಗಿತ. ಆದರೂ ಅದನ್ನು ಮೂರನೆಯದೆಂದು ಅನ್ನಿಸಗೊಡಬಾರದು. ನನ್ನ ಕಣ್ಣಿಗೆ ಇವರ ಅತಿ ದೊಡ್ಡ ನಿರ್ಧಾರ ಜಿಗಿಯದಿರುವುದು. 10,000 ಅಡಿಗೆ ಏರಿ, ಮೋಡ ಮುಚ್ಚಿತೆಂದೋ ಗಾಳಿ ತಿರುಗಿತೆಂದೋ ತಲೆಯಲ್ಲಾಡಿಸಿ, ಹಣ ಕೊಟ್ಟವರ ಸಿಡುಕನ್ನು ನುಂಗಿಕೊಂಡು ವಿಮಾನದಲ್ಲೇ ಕೆಳಗೆ ಬರುತ್ತಾರೆ. ಅದನ್ನು ಕಂಡ ದಿನ ಟಿಕೆಟಿನ ದುಡ್ಡು ದಂಡವಾಯಿತೆಂದು ಹೇಳಬೇಡಿ.

ಇಳಿದ ಮೇಲೆ ಮಾತಾಡಿಸುವುದಾದರೆ, "ಹೆದ್ರಿಕಿ ಆತಿಲ್ಯಾ?" ಎಂದು ಕೇಳಬೇಡಿ. ದಿನಕ್ಕೆ ಹತ್ತು ಜನ ಕೇಳುತ್ತಾರೆ, ಅದಕ್ಕೆ ಅವರ ಬಳಿ ತಯಾರಾದ ನಗುವೊಂದಿದೆ. ಇವತ್ತು ಬಯಲಿನಿಂದ ಎಷ್ಟು ದೂರದಲ್ಲಿ ಬಾಗಿಲು ದಾಟಿದಿರಿ, ಮೇಲಿನ ಗಾಳಿ ಎತ್ತ ಬೀಸುತ್ತಿತ್ತು ಎಂದು ಕೇಳಿ. ಹೆಲ್ಮೆಟ್ಟನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಬೆರಳಲ್ಲಿ ಗಾಳಿಯ ದಾರಿ ಗೀಚುತ್ತ, ಮುಂದಿನ ಲೋಡಿಗೆ ಕರೆ ಬರುವವರೆಗೂ ಹೇಳುತ್ತಾರೆ.